ಗೇಣು ಗೇಣಿನ ಮೆರವಣಿಗಿ

ಶಂಭುಲಿಂಗಪ್ಪ ಸತ್ತಿರಲಿಲ್ಲ. ಈ ಮಾತು ಮೊದಲ ಹೇಳಿಬಿಡೋದು ಛಲೋ, ಯಾಕಂದ್ರ ಆ ಶನಿವಾರ ಮೋಟೆಬೆನ್ನೂರಾಗ ಇದನ್ನ ಗಂಟಲು ಹರಕೊಂಡು ಹೇಳಿದ್ರೂ ಕೇಳೋರು ಒಬ್ಬರೂ ಸಿಗಲಿಲ್ಲ. ಮುದುಕ ಕಲ್ಲುಗುಂಡಿನಂಗ ಇದ್ದ. ಬೆಳಿಗ್ಗಿ ಎರಡು ರೊಟ್ಟಿ, ಮ್ಯಾಲೆ ಮತ್ತರ್ಧ ರೊಟ್ಟಿ, ಜುಣಕ, ಮೊಸರು ಎಲ್ಲಾ ಮುಗಿಸಿ, ಚಟ್ನಿಗೆ ಉಪ್ಪು ಕಡಿಮಿ ಆಗೈತಿ ಅಂತ ತಕರಾರೂ ಮಾಡಿ ಬಂದು ಕುರ್ಚಿ ಮ್ಯಾಲೆ ಕುಂತಿದ್ದ. ಅವನನ್ನ ಹಂಗ ಕುಂದ್ರಿಸಿದಾಕಿ ಅವನ ಮೊಮ್ಮಗಳು ಅರುಣಾ.

ಅರುಣಾ ರಾಣೆಬೆನ್ನೂರಿಗೆ ಅನಿಮೇಶನ್ ಕಲಿಯಾಕ ಹೊಂಟು ವರ್ಷ ಆಗಾಕ ಬಂದಿತ್ತು. ಬಸ್‌ಸ್ಟ್ಯಾಂಡ್ ಹತ್ರ ಒಂದು ಬೀಜದ ಅಂಗಡಿ, ಅದರ ಮಾಳಿಗಿ ಮ್ಯಾಲೆ ಕಾಲೇಜು. ಕೆಳಗ ರೈತರು ಹತ್ತಿ ಬೀಜಕ್ಕ ಜಗಳಾಡ್ತಿದ್ರ ಮ್ಯಾಲೆ ಹುಡುಗೂರು ಚೆಂಡು ಪುಟಿಸ್ತಿದ್ರು. ಖರೇ ಚೆಂಡಲ್ಲ ಮತ್ತ, ಕಾಗದದ ಮ್ಯಾಲೆ ಬರದ ಚೆಂಡು. ಮೊದಲ ತಿಂಗಳು ಪೂರ್ತಿ ಅದ ಚೆಂಡು. ಅಪ್ಪ ಕೊಟ್ರೇಶ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಾವ. ಸಂಜೀಕ ಮನಿಗೆ ಬಂದು, ಮೈಮ್ಯಾಲಿನ ಘಾಟು ಇನ್ನೂ ಆರಿರ್ತಿರಲಿಲ್ಲ, 'ಏನ್ ಕಲತಿ ಇವತ್ತ?' ಅಂತ ಕೇಳ್ತಿದ್ದ.

'ಚೆಂಡು ನೆಲಕ್ಕ ಬಿದ್ದಾಗ ಚಪ್ಪಟಿ ಆಕ್ಕೇತಪ್ಪಾ' ಅಂತಿದ್ಲು ಅರುಣಾ.

ಕೊಟ್ರೇಶ ಹೆಂಡ್ತಿ ಮುಖ ನೋಡ್ತಿದ್ದ. ಹೆಂಡ್ತಿ ಪ್ರೇಮವ್ವ ಗೋಡಿ ನೋಡ್ತಿದ್ಲು.

ಚೆಂಡು ಮುಗದ ಮ್ಯಾಲೆ ನಡಿಗಿ ಬಂತು. ಕಲಿಸೋ ಪ್ರೇಮಕುಮಾರ ಸರ್, 'ಮನಷ್ಯಾ ಹೆಂಗ ನಡೀತಾನ ಅಂತ ಮೊದಲ ಕಣ್ಣು ತಗದು ನೋಡ್ರಿ, ನೋಡದ ಬರೀಬ್ಯಾಡ್ರಿ' ಅಂದಿದ್ರು. ಅರುಣಾ ಅದನ್ನ ವೇದವಾಕ್ಯ ಮಾಡಿಕೊಂಡ್ಲು. ಬ್ಯಾಡಗಿ ಪ್ಯಾಟಿಗೆ ಹೋಗಿ, ಮೆಣಸಿನಕಾಯಿ ಚೀಲ ಹೊತ್ತ ಹಮಾಲರ ಹಿಂದ ಹಿಂದ ಕಾಲು ನೋಡಕೊಂತ ಅಡ್ಡಾಡಿದ್ಲು. ಮಲಂಗಸಾಬ ಅನ್ನೋ ಹಮಾಲ ಕೊಟ್ರೇಶನ ಹತ್ರ ಬಂದು ಕೈಮುಗದ. 'ಸಾವ್ಕಾರ್ರ, ನಿಮ್ಮ ಮಗಳು ನನ್ನ ಕಾಲ ನೋಡಾಕತ್ತ ಮ್ಯಾಲೆ ನನಗ ಯಾವ ಕಾಲು ಮೊದಲ ಇಡಬೇಕು ಅನ್ನೋದ ಮರತು ಹೋಗೈತ್ರಿ' ಅಂದ. ಹಂಗ ಅಂದಾವ ಚೀಲ ಸಮೇತ ಎಡವಿ ಬಿದ್ದ. ಇಷ್ಟಾದ್ರೂ ಅರುಣಾ ಬರದ ಮನಷ್ಯಾರೆಲ್ಲ ಕುಂಟತಿದ್ರು. ಗಂಡಸರೂ ಕುಂಟತಿದ್ರು, ಹೆಂಗಸರೂ ಕುಂಟತಿದ್ರು, ಒಮ್ಮೆ ಆನಿ ಬರದ್ಲು, ಅದೂ ಕುಂಟಿತು.

ಕೊಟ್ರೇಶಂದು ತಾಳ್ಮಿ ಮುಗೀತು. 'ನೋಡವ್ವಾ, ಈ ವರ್ಷ ಪಾಸಾದಿ ಅಂದ್ರ ಮುಂದ ಹೈದರಾಬಾದಿಗರ ಹೋಗು, ಎಲ್ಲಿಗರ ಹೋಗು, ನಾ ಅಡ್ಡ ಬರೂದಿಲ್ಲ. ಫೇಲಾದಿ ಅಂದ್ರ ಬಾಯಿ ಮುಚಗೊಂಡು ನಮ್ಮ ಅಂಗಡ್ಯಾಗ ಕಂಪ್ಯೂಟರ್ ಮುಂದ ಕುಂದ್ರು, ಮೆಣಸಿನಕಾಯಿ ಟೆಂಡರ್ ನೋಡಕೋ' ಅಂದ. ಅರುಣಾಗ ಅಂಗಡಿ ಮ್ಯಾಲೆ ಸಿಟ್ಟಿರಲಿಲ್ಲ. ಆದ್ರ ಅಲ್ಲಿ ಜೀವನಪೂರ್ತಿ ಕುಂದ್ರೋದು ಅಂದ್ರ ಎದಿ ಮ್ಯಾಲೆ ಚೀಲ ಇಟ್ಟಂಗ ಆಗ್ತಿತ್ತು.

ಪ್ರೇಮಕುಮಾರ ಸರ್‌ಗೂ ಆ ಕುಂಟೋ ಆನಿ ನೋಡಿ ಕರುಣಾ ಬಂತು. 'ಬರಿಯೋದು ಬಿಡು. ಜೀವಂತ ಮನಷ್ಯಾರನ್ನ ಗೊಂಬಿ ಮಾಡು. ಒಂದು ಫೋಟೋ ತಗಿ, ಒಂಚೂರು ಸರಸು, ಮತ್ತೊಂದು ತಗಿ. ಎಲ್ಲಾ ಕೂಡಿಸಿ ಓಡಿಸಿದ್ರ ಗೊಂಬಿ ತನ್ನಷ್ಟಕ್ಕ ತಾನ ಸಾಗತೈತಿ. ಆದ್ರ ಗೊಂಬಿ ನಡುವ ಅಲ್ಲಾಡಿತು ಅಂದ್ರ ಎಲ್ಲಾ ಕೆಡತೈತಿ, ಮೊದಲಿಂದ ಶುರು ಮಾಡಬೇಕಾಕ್ಕೇತಿ' ಅಂದ್ರು. ಕಾಲೇಜಿನ ಕ್ಯಾಮರಾನೂ ಕೊಟ್ರು. ಸೋಮವಾರ ಸಿನಿಮಾ ಬರಲಿಲ್ಲಂದ್ರ ಫೇಲು ಅಂತನೂ ಹೇಳಿದ್ರು.

ನಡಿಗಿ ಬರಿಯಾಕ ಬಾರದಾಕಿ ನಡಿಯೋದ ಇಲ್ಲದ ಕತಿ ಹುಡುಕಿದ್ಲು. ಒಬ್ಬ ಮುದುಕ ಕುರ್ಚಿ ಮ್ಯಾಲೆ ಕುಂತಿರ್ತಾನ. ಕುರ್ಚಿ ಅವನನ್ನ ಕೂಡಿಸಿಕೊಂಡು ಮನಿ ಬಾಗಲಿಂದ ಹೊಂಟು, ಓಣಿ ಹಿಡದು ಸರ್ರಂತ ಸಾಗಿ, ಪಂಚಾಯ್ತಿ ಕಟ್ಟಿಗೆ ಸನ್ಮಾನಕ್ಕ ಹೋಗತೈತಿ. ಸನ್ಮಾನದ ಮಾತು ಶಂಭುಲಿಂಗಪ್ಪಂದ. ಮೋಟೆಬೆನ್ನೂರಾಗ ಶಾಲು ಹೊಚ್ಚಿಸಿಕೊಳ್ಳದ ಮನಷ್ಯಾ ಇಲ್ಲ. ನೌಕರಿ ಬಿಟ್ಟಾವಗೂ ಶಾಲು, ನೌಕರಿ ಸಿಕ್ಕಾವಗೂ ಶಾಲು, ಹುಬ್ಬಳ್ಳಿಗೆ ಹೋಗಿ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಬಂದಾವಗೂ ಶಾಲು. ಇವಂಗ ಮಾತ್ರ ಯಾರೂ ಒಂದು ಟವೆಲ್ ಸಹಿತ ಹೊಚ್ಚಿರಲಿಲ್ಲ. 'ಸಿನಿಮಾದಾಗರ ಹೊಚ್ಚು ಮಗಳ' ಅಂದಿದ್ದ ಮುದುಕ.

ಆ ಶನಿವಾರ ಗದಿಗೆವ್ವಗ ಎರಡು ದವಡಿ ಹಲ್ಲು ಕೀಳಸೋದಿತ್ತು. ಗದಿಗೆವ್ವ ಅಂದ್ರ ಶಂಭುಲಿಂಗಪ್ಪನ ಹೆಂಡ್ತಿ. ಸೊಸಿ ಪ್ರೇಮವ್ವ ಆಕೀನ್ನ ಹಾವೇರಿಗೆ ಕರಕೊಂಡು ಹೋಗಿದ್ಲು, ಕೊಟ್ರೇಶ ಅಂಗಡಿಗೆ ಹೋಗಿದ್ದ. ಮನ್ಯಾಗ ಅಜ್ಜ, ಮೊಮ್ಮಗಳು ಇಬ್ಬರ. ಅಜ್ಜ ಹೊಸಾ ದೋತರ ಉಟಗೊಂಡ, ಬಿಳಿ ರುಮಾಲು ಸುತ್ತಿಕೊಂಡ, ಹಣಿ ತುಂಬ ಇಬತ್ತಿ ಬಳಕೊಂಡ, ಶಾಲು ಹೊಚ್ಚಿಕೊಂಡು, ಚೆಂಡುಹೂವಿನ ಹಾರ ಹಾಕ್ಕೊಂಡು ಬಾಗಲ ಮುಂದಿನ ಕುರ್ಚಿ ಮ್ಯಾಲೆ ಠಾಕೂಠೀಕಾಗಿ ಕುಂತ.

ಅರುಣಾ ಫೋಟೋ ತಗದ್ಲು, ಓಡಿ ಹೋಗಿ ಕುರ್ಚಿ ಒಂದು ಗೇಣು ಮುಂದ ದಬ್ಬಿದ್ಲು, ಓಡಿ ಬಂದು ಮತ್ತ ತಗದ್ಲು. ಸ್ವಲ್ಪ ಹೊತ್ತಿಗೆ ನೋಡಿದ್ರ, ಒಂದು ಫೋಟೋದಾಗ ಅಜ್ಜನ ಕಣ್ಣು ತಗದೈತಿ, ಒಂದರಾಗ ಮುಚ್ಚೈತಿ. 'ಕಣ್ಣ ಮುಚಗೊಂಡ ಬಿಡು ಅಜ್ಜಾ' ಅಂದ್ಲು. ಮುಚಗೊಂಡ. ಮತ್ತ ಮೊದಲಿಂದ. ಈ ಸಲ ನೊಣ ಬಂದು ಮೂಗಿನ ಮ್ಯಾಲೆ ಕುಂತಿತು. ಅಜ್ಜ ಮೂಗು ಅಲ್ಲಾಡಿಸಿದ. ನೊಣ ಓಡಸಾಕ ಕುರ್ಚಿ ಕಾಲಿಗೆ ಊದಿನಕಡ್ಡಿ ಕಟ್ಟಿ ಹಚ್ಚಿದ್ಲು. ಮತ್ತ ಮೊದಲಿಂದ. ಉಂಡ ಹೊಟ್ಟಿ, ಮುದುಕ ತೂಕಡಿಸಿ ಒಂದು ಕಡೆ ವಾಲಿದ. ಟವೆಲ್‌ಲೆ ನಡ ಹಿಡದು ಕುರ್ಚಿಗೆ ಬಿಗದ್ಲು. ಮತ್ತ ಮೊದಲಿಂದ. ಇನ್ನೇನು ಓಣಿ ಹಿಡೀಬೇಕು ಅನ್ನೂದ್ರಾಗ ಅಜ್ಜ ಬಾಯಿ ತಗದು, 'ಮಗಳ, ಎಮ್ಮಿಗೆ ನೀರ ಕುಡಿಸಿದ್ದೇನು?' ಅಂದ.

ಅರುಣಾ ಕಟ್ಟಿ ಮ್ಯಾಲೆ ಕುಂತು ಬಿಕ್ಕಿ ಬಿಕ್ಕಿ ಅತ್ಲು. ನನ್ನ ಹಣ್ಯಾಗ ಮೆಣಸಿನಕಾಯಿನ ಬರದೈತಿ ಬಿಡು ಅಂದ್ಲು. ಮುದುಕ ಕೈ ಚಾಚಿ ಆಕೀನ್ನ ಹತ್ರ ಕರದ.

'ಅಳಬ್ಯಾಡ ಮಗಳ. ಕೊಟ್ಟೂರ ಬಸವಣ್ಣನ ಆಣಿ, ನೀ ಮುಗೀತು ಅನ್ನೂತನಕ ಆಕಾಶ ಕಳಚಿ ಬಿದ್ರೂ ನಾ ಅಲ್ಲಾಡಂಗಿಲ್ಲ. ಈ ಬಾಯಿ ಮ್ಯಾಲೆ ನಂಬಿಗಿ ಇಲ್ಲ, ಇದನ್ನೊಂದು ಕಟ್ಟಿಬಿಡು' ಅಂದ.

ಅರುಣಾ ಒಂದು ಬಿಳಿ ಅರಿವಿ ತಗೊಂಡು ಗದ್ದದ ಕೆಳಗಿಂದ ನೆತ್ತಿತನಕ ಬಿಗದು ಕಟ್ಟಿದ್ಲು.

ಈಗ ನೀವ ಹೇಳ್ರಿ. ನಮ್ಮ ಮಂದ್ಯಾಗ ಸತ್ತೋರನ್ನ ಮಲಗಸೂದಿಲ್ಲ. ಇಬತ್ತಿ ಹಚ್ಚಿ, ಹೊಸಾ ಅರಿವಿ ಉಡಿಸಿ, ಹಾರ ಹಾಕಿ, ಬೀಳಬಾರದಂತ ನಡ ಬಿಗದು, ಬಾಯಿ ತಗೀಬಾರದಂತ ಗದ್ದ ಕಟ್ಟಿ, ಊದಿನಕಡ್ಡಿ ಹಚ್ಚಿ ಬಾಗಲ ಮುಂದ ಕುಂದ್ರಸ್ತಾರ. ಹುಡುಗಿ ಒಂದೊಂದ ಕೆಲಸ ಒಂದೊಂದ ಕಾರಣಕ್ಕ ಮಾಡಿದ್ಲು. ಕಾರಣ ಎಲ್ಲಾ ಸರಿನ ಇದ್ವು. ಆದ್ರ ಕಾರಣ ಯಾರಿಗೆ ಕಾಣತಾವ? ಕಾಣೋದು ಕುರ್ಚಿ ಮ್ಯಾಲಿನ ಮುದುಕ.

ಮೊದಲ ಕಂಡಿದ್ದು ಬಾಜೂ ಮನಿ ಮೈಲವ್ವಗ. ಕಾಗಿನೆಲೆ ಬಸ್ಸಿಳಿದು, ಬಗಲಾಗ ಬುಟ್ಟಿ ಇಟ್ಟುಕೊಂಡು ಬಂದಾಕಿ ಅಲ್ಲೇ ಬುಟ್ಟಿ ಒಗದು, ಎದಿ ಬಡಕೊಂಡು ಕುಂತ ಬಿಟ್ಲು. 'ಯಣ್ಣಾ ಶಂಭಣ್ಣಾ, ನನ್ನ ಮನಿಗೆ ಹಂಚು ಹೊಚ್ಚಿದ ಅಣ್ಣಾ, ಹೇಳದ ಕೇಳದ ಹೆಂಗ ಹೋದ್ಯೋ' ಅಂತ ಹಾಡ್ಯಾಡಿಕೊಂಡು ಅಳಾಕ ಶುರು ಮಾಡಿದ್ಲು.

'ಏ ಬೇ, ಆಚೆ ಸರಿ, ನಿನ್ನ ನೆಳ್ಳು ಬೀಳಾಕತ್ತೈತಿ!' ಅಂತ ಅರುಣಾ ಚೀರಿದ್ಲು.

ಮೈಲವ್ವ ಎದ್ದು ಬಂದು ಹುಡುಗಿನ್ನ ಅವುಚಿಕೊಂಡ್ಲು. 'ಅಯ್ಯ ನನ ಕೂಸ, ನಿನಗ ತೆಲಿ ಸರಿ ಇಲ್ಲವ್ವಾ ಈಗ.'

'ಅಜ್ಜ ಸತ್ತಿಲ್ಲ ಬೇ! ಸಿನಿಮಾ ತಗ್ಯಾಕತ್ತೇನಿ!'

'ಹೌದವ್ವಾ, ಹೌದು. ಅಂಥಾ ಮನಷ್ಯಾಗ ಸಾವೆಲ್ಲಿ ಐತಿ.'

'ಉಸರ ಆಡಾಕತ್ತಾನ, ನೋಡಿಲ್ಲೆ ಹೊಟ್ಟಿ!'

'ನನ್ನ ಗಂಡ ಹೋದಾಗ ನನಗೂ ಹಂಗ ಕಾಣ್ತಿತ್ತು ತಂಗಿ' ಅಂತ ಮೈಲವ್ವ ಮತ್ತಿಷ್ಟು ಅತ್ಲು.

'ಅಜ್ಜಾ, ನೀನರ ಹೇಳು' ಅಂತ ಬಾಯಿಗೆ ಬಂದಿತ್ತು. ಅರುಣಾ ನಾಲಿಗಿ ಕಚ್ಚಿಕೊಂಡ್ಲು. ಈ ಸಲ ಕುರ್ಚಿ ಓಣಿಗೆ ಇಳದಿತ್ತು, ಒಂದ ಒಂದು ಫೋಟೋನೂ ಕೆಟ್ಟಿರಲಿಲ್ಲ. ಈಗ ಅಜ್ಜ ಬಾಯಿ ಬಿಟ್ರ ಎಲ್ಲಾ ಹೊಳ್ಯಾಗ ಹುಣಸಿಹಣ್ಣು ಕಲಸಿದಂಗ. ಅಜ್ಜಂತೂ ಆಣಿ ಮಾಡಿ ಕುಂತಾವ. ಊರು ಹೆಣ ಅಂತ ಹೊತ್ತರೂ ಅಲ್ಲಾಡಾವಲ್ಲ.

ಉಡಚಪ್ಪ ಬಂದ. ಇವ ಊರಾಗ ಮೊಬೈಲ್ ಅಂಗಡಿ ಇಟ್ಟಾವ, ಫ್ಲೆಕ್ಸ್ ಮಾಡಾವ, ಭಜನಿ ಮೇಳದ ಮುಂದಾಳು. ಬಂದಾವ ಚಪ್ಪಲಿ ಬಿಟ್ಟು ಕೈಮುಗದ, ಫೋಟೋ ಹೊಡಕೊಂಡ, 'ಹಿರಿಯರಾದ ಶಂಭುಲಿಂಗಪ್ಪನವರು ಲಿಂಗೈಕ್ಯ' ಅಂತ ಸ್ಟೇಟಸ್ ಹಾಕಿದ. ಅದು ಬ್ಯಾಡಗಿಗೆ ಹೋತು, ಹಾವೇರಿಗೆ ಹೋತು, ರಾಣೆಬೆನ್ನೂರಿಗೆ ಹೋತು, ಹೋದಲ್ಲೆಲ್ಲ ಮಂದಿ ಕೈಮುಗಿಯೋ ಚಿತ್ರ ಒತ್ತಿದ್ರು. ಉಡಚಪ್ಪ ಅಷ್ಟಕ್ಕ ಬಿಡ್ತಾನೇನು? ಜೆಸಿಬಿ ಇದ್ದ ಫಕ್ಕೀರೇಶಗ ಫೋನ್ ಹಚ್ಚಿ, 'ಅವರ ಹೊಲದಾಗ, ಬೇವಿನಗಿಡದ ಬಾಜೂ ಕುಣಿ ತಗಿ' ಅಂದ. ಅರುಣಾನ ಫೋನು ಅಡಗಿಮನ್ಯಾಗ ಬಡಕೊಂತ ಬಿದ್ದಿತ್ತು. ಅದನ್ನ ಕೇಳೋ ಕಿವಿ ಆಕೀಗಿರಲಿಲ್ಲ.

ಹೊತ್ತು ಏರಾಕತ್ತಿತ್ತು. ಬಿಸಲು ತಿರುಗಿದ್ರ ನೆಳ್ಳು ಬದಲಾಕ್ಕೇತಿ, ಲಗೂ ಮುಗಸಬೇಕು. ಕುರ್ಚಿ ದಬ್ಬಿ ದಬ್ಬಿ ಹುಡುಗಿ ರಟ್ಟಿ ಬಿದ್ದಿದ್ವು. ಅಷ್ಟೊತ್ತಿಗೆ ಓಣಿ ತುಂಬ ಗಂಡಸರು, ಎಲ್ಲಾರೂ ಕೈಕಟಗೊಂಡು ನಿಂತಾರ, ಏನರ ಕೆಲಸ ಹೇಳಿದ್ರ ಸಾಕು ಅನ್ನೋ ಮುಖ ಮಾಡ್ಯಾರ. ಅರುಣಾ ಸತ್ತಿಲ್ಲ ಅನ್ನೋದನ್ನ ಬಿಟ್ಲು.

'ಕಾಕಾ, ನಾಕು ಮಂದಿ ಬರ್ರಿ. ಕುರ್ಚಿ ಒಂದು ಗೇಣು ಮುಂದ ಸರಸ್ರಿ. ಒಂದ ಗೇಣು. ಇಡ್ರಿ. ಈಗ ಎಲ್ಲಾರೂ ಹಿಂದ ಸರೀರಿ.'

ಕಿಟ್ ಅಂತು ಕ್ಯಾಮರಾ.

'ಬರ್ರಿ. ಇನ್ನೊಂದು ಗೇಣು.'

ಹಿಂಗ ಹೊಂಟಿತು ನೋಡ್ರಿ ಮೆರವಣಿಗಿ. ನಾಕು ಮಂದಿ ಬಂದು ಎತ್ತೋದು, ಗೇಣು ಸರಸೋದು, ಓಡಿಹೋಗೋದು, ಕಿಟ್. 'ಇದೇನ ಪದ್ಧತಿ ಮಾರಾಯಾ, ಹಿಂಗ ಹೋದ್ರ ಹೊಲ ಮುಟ್ಟೂದ್ರಾಗ ನಾವೂ ಹೋಗಿರ್ತೇವಿ' ಅಂತ ಒಬ್ಬ ಗೊಣಗಿದ. 'ಸುಮ್ನಿರು, ಹುಡುಗಿ ಕಲತಾಕಿ ಐತಿ, ರಾಣೆಬೆನ್ನೂರು ಕಡೆ ಈಗ ಹಿಂಗ' ಅಂತ ಉಡಚಪ್ಪ ಗದರಿಸಿದ. ಭಜನಿ ಮೇಳದೋರಿಗೆ ಫಜೀತಿ. 'ಶಿವ' ಅನ್ನೂದ್ರಾಗ 'ಸರೀರಿ' ಅಂತಿದ್ಲು, ಗೋಡಿಗೆ ಅವುಚಿ ನಿಂತು, ಕಿಟ್ ಅಂದ ಮ್ಯಾಲೆ ಬಂದು 'ಶಿವಾ' ಮುಗಸ್ತಿದ್ರು. ಹಾರ ತಂದೋರು ಮುಗಿಬಿದ್ರು. 'ಒಮ್ಮೆಲೆ ಹಾಕಬ್ಯಾಡ್ರಿ, ಫೋಟೋಕ್ಕೊಂದು ಹಾಕ್ರಿ' ಅಂತ ಅರುಣಾ ಸಾಲು ಹಚ್ಚಿಸಿದ್ಲು. ಅಜ್ಜನ ಕೊಳ್ಳಾಗ ಹಾರ ಏರಿ ಏರಿ ಮೂಗಿನತನಕ ಬಂದ್ವು. ಕ್ಯಾಮರಾದ ಕಣ್ಣಾಗ ನೋಡಿದಾಗೆಲ್ಲ ಅರುಣಾಗ ಮೈ ಝುಂ ಅಂತಿತ್ತು. ಇಂಥಾದ್ದು ಆಕಿ ಕನಸಿನಾಗೂ ಅಂದುಕೊಂಡಿರಲಿಲ್ಲ. ಖುಷಿ ಆಗಿತ್ತು, ಆದ್ರ ಆ ಖುಷಿಗೆ ನಾಚಿಕಿನೂ ಆಗಿತ್ತು.

ಪಂಚಾಯ್ತಿ ಕಟ್ಟಿ ಹತ್ರ ಉಡಚಪ್ಪ ನಾಕು ಮಾತಾಡಾಕ ನಿಂತ. 'ಈ ಮನಷ್ಯಾ ಯಾರ ಬಾಗಲಿಗೂ ಇಲ್ಲ ಅನ್ನಲಿಲ್ಲ. ನಮ್ಮಪ್ಪ ಹಾಸಿಗಿ ಹಿಡದಾಗ ನಮ್ಮ ಹೊಲ ಬಿತ್ತಿ ಕೊಟ್ಟು, ಒಂದು ದಿನ ಬಾಯಿ ಬಿಟ್ಟು ಹೇಳಲಿಲ್ಲ. ನಾವು ಕಂಡಕಂಡವರಿಗೆ ಶಾಲು ಹೊಚ್ಚಿದ್ವಿ, ಈ ಮನಷ್ಯಾನ್ನ ಮರತ್ವಿ' ಅಂದ. ಅಂದು ಅತ್ತ ಬಿಟ್ಟ. ಮುಚ್ಚಿದ ಕಣ್ಣಿಂದ ಶಂಭುಲಿಂಗಪ್ಪಗೂ ನೀರಿಳಿದ್ವು. ಮುಂದ ನಿಂತಾವೊಬ್ಬ ನೋಡಿ ಹೌಹಾರಿದ. ಮಗ್ಗಲದಾವ, 'ಇಬತ್ತಿ ಕರಗೈತಿ, ಬಿಸಲು' ಅಂತ ಸಮಾಧಾನ ಮಾಡಿದ. ಅರುಣಾ ಕೊನೀ ಫೋಟೋ ತಗದ್ಲು.

ಆಗ ಹಾವೇರಿ ಬಸ್ಸು ಬಂತು. ಪ್ರೇಮವ್ವ ಹಿಡಿಯೂದ್ರಾಗ ಗದಿಗೆವ್ವ ಬಸ್ಸು ನಿಲ್ಲೂಕಿಂತ ಮೊದಲ ಜಿಗದ್ಲು. ಸುದ್ದಿ ಬಸ್ಸಿನಾಗ ಯಾರದೋ ಮೊಬೈಲ್‌ನ್ಯಾಗ ನೋಡಿದ್ಲಂತ. ದವಡ್ಯಾಗ ಹತ್ತಿ ತುರುಕೈತಿ, ಅರ್ಧ ಮುಖ ಮರಗಟ್ಟೈತಿ, ಅಳಬೇಕಂದ್ರ ಬಾಯಿ ಬರವಲ್ದು. 'ಆಆಆ' ಅಂತ ಬಂದು ಗಂಡನ ಕಾಲಿಗೆ ಹಣಿ ಹಚ್ಚಿ ಬಿದ್ಲು. ಆ ದನಿ ಕೇಳಿ ಶಂಭುಲಿಂಗಪ್ಪಗ ಬಸವಣ್ಣನ ಆಣಿ ಮರತು ಹೋತು. ಕಣ್ಣು ತಗದ. ಮಾತಾಡಾಕ ಹೋದ್ರ ಗದ್ದ ಕಟ್ಟೈತಿ. ಆಕಿ 'ಆಆ' ಅಂದ್ರ ಇವ 'ಮ್ಮ್ ಮ್ಮ್' ಅಂದ. ಅರುಣಾ ಓಡಿ ಬಂದು ಅರಿವಿ ಬಿಚ್ಚಿದ್ಲು.

'ಅಳಬ್ಯಾಡ, ಹಲ್ಲಿನ ಗಾಯ ಬಿರಿತೈತಿ' ಅಂದ ಶಂಭುಲಿಂಗಪ್ಪ. 'ಎರಡೂ ಕಿತ್ತರೋ, ಒಂದ ಕಿತ್ತರೋ?'

ಭಜನಿ ಮೇಳದಾಗ ಡಗ್ಗಾ ಬಾರಸಾವ ಡಗ್ಗಾ ಬಿಟ್ಟು ಓಡಿದ. ಮೈಲವ್ವ ಮೂರ್ಛಿ ಹೋದ್ಲು. ಉಳದೋರಿಗೆ ಮುಟ್ಟಿ ನೋಡಿ, ಚಿವುಟಿ ನೋಡಿ ಖಾತ್ರಿ ಆದ ಮ್ಯಾಲೆ ಸಿಟ್ಟು ಬಂತು. ಮುದುಕ ಬದುಕಿದ್ದಕ್ಕ ಖುಷಿ ಪಟ್ಟೋರು ಕಡಿಮಿ. ನಾವು ಅಂಗಡಿ ಮುಚ್ಚಿ ಬಂದೇವಿ, ನಾವು ಉಪಾಸ ಅದೇವಿ, ನಮ್ಮ ಕಣ್ಣೀರಿಗೆ ಏನೂ ಕಿಮ್ಮತ್ತಿಲ್ಲೇನು ಅಂತ ಗದ್ದಲ ಎದ್ದಿತು. ಕೊಟ್ರೇಶ ಬ್ಯಾಡಗಿಯಿಂದ ಗಾಡಿ ಮ್ಯಾಲೆ ಬಂದಾವ, ತೆಲಿ ಮ್ಯಾಲೆ ಟವೆಲ್ ಹಾಕ್ಕೊಂಡು ಅಪ್ಪನ್ನ ನೋಡಿ ಅಲ್ಲೇ ನೆಲಕ್ಕ ಕುಂತ. ಅವಂಗ ನಗೂನೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಫಕ್ಕೀರೇಶ ಬಂದ. 'ಕುಣಿ ತಯಾರೈತ್ರಿ, ಛಲೋ ಆಳ ತಗದೇನಿ' ಅಂದ.

 ಗದ್ದಲ ಬಿಟ್ಟು ಎಲ್ಲಾರೂ ಅಯ್ಯನೋರ ಕಡೆ ನೋಡಿದ್ರು. ಮಣ್ಣಿನ ಕಾರ್ಯಕ್ಕ ಬಂದ ಅಯ್ಯನೋರು ಜೋಳಿಗಿ ಬಗಲಿಗೆ ಸರಸಿ ಗಂಟಲು ಕೆರದ್ರು. 'ತಗದ ಕುಣಿ ಖಾಲಿ ಬಿಡಬಾರದು. ಬಾಯಿ ತಗದು ಕುಂತದ್ದು ತನಗ ಬೇಕಾದದ್ದನ್ನ ತಾನ ಕರಕೊಂತೈತಿ. ಯಾರ ಹೆಸರಲೆ ತಗದಾರೋ ಅವರನ್ನ' ಅಂದ್ರು.

'ಕುಂಬಳಕಾಯಿ ಹಾಕ್ರಿ' ಅಂದ ಕೊಟ್ರೇಶ.

'ಅದೆಂಗಾಕ್ಕೇತಿ?' ಉಡಚಪ್ಪ ಎದ್ದು ನಿಂತ. ಅವಂಗ ಊರ ಮುಂದ ಅತ್ತ ಸಿಟ್ಟು ಇನ್ನೂ ಇಳದಿರಲಿಲ್ಲ. 'ನಾವೇನು ಕುಂಬಳಕಾಯಿಗೆ ಅತ್ತೇವೇನು? ಕುಂಬಳಕಾಯಿ ಮುಂದ ಭಜನಿ ಮಾಡೇವೇನು? ಇಲ್ಲಿ ಸತ್ತಾವ ಒಬ್ಬ ಇದ್ದ, ಅವನನ್ನ ನಾವೆಲ್ಲ ಕಣ್ಣಾರೆ ನೋಡೇವಿ. ಅವ ಈಗ ಎಲ್ಲಿ ಅದಾನ? ಆ ಕ್ಯಾಮರಾದಾಗ ಅದಾನ.'

ಮಂದಿ ಹೌದಲ್ಲ ಅಂದ್ರು.

ಅರುಣಾ ಕ್ಯಾಮರಾ ಎದಿಗೆ ಅವುಚಿಕೊಂಡ್ಲು. 'ಇಲ್ರೀ ಅಯ್ಯನೋರ! ಇದರಾಗ ಸತ್ತಾವ ಇಲ್ಲ. ಇದು ಜೀವ ತುಂಬೋ ಕೆಲಸ. ನೋಡ್ರಿ, ನೀವ ನೋಡ್ರಿ' ಅಂತ ಕ್ಯಾಮರಾದ ಸಣ್ಣ ಪರದೆ ಅವರ ಮುಂದ ಹಿಡದು, ಅದರ ಸಣ್ಣ ಗಾಲಿ ತಿರುವಿ ಫೋಟೋ ಎಲ್ಲಾ ಓಡಿಸಿದ್ಲು.

ಅಯ್ಯನೋರು ಬಗ್ಗಿದ್ರು, ಅವರ ಹಿಂದ ಊರ ಬಗ್ಗಿತು. ಪರದೆ ಮ್ಯಾಲೆ ಗದ್ದ ಕಟ್ಟಿದ, ಕಣ್ಣ ಮುಚ್ಚಿದ ಶಂಭುಲಿಂಗಪ್ಪ, ಯಾರೂ ಮುಟ್ಟದ, ಕಾಲು ಅಲ್ಲಾಡಿಸದ, ಕುರ್ಚಿ ಸಮೇತ ಓಣ್ಯಾಗ ಸರ್ರಂತ ಸಾಗಿ ಬಂದ. ಕೊಳ್ಳಾಗ ಹಾರ ತಾವ ಹುಟ್ಟಿ, ತಾವ ಬೆಳದು ಮೂಗಿಗೇರಿದ್ವು. ಗೋಡಿ ಹತ್ರ ಮಂದಿ ಮೂಡಿದ್ರು, ಮಾಯ ಆದ್ರು. ಕೊನೀಕ ಕಟ್ಟಿ ಮುಂದ ಬಂದು ನಿಂತು ಅವ ಅತ್ತ.

ಖರೇನ ಚಂದಿತ್ತು.  ಒಬ್ಬ 'ಮತ್ತೊಮ್ಮಿ ಹಾಕು' ಅಂದ, ಹಾಕಿದ್ಲು. ಮೂರ್ಛಿ ತಿಳದೆದ್ದ ಮೈಲವ್ವ, 'ಅಷ್ಟು ಅತ್ತೇನಿ, ನನ್ನ ಮಾರಿ ಕಣ್ಣ ಪಿಳುಕಿಸೂದ್ರಾಗ ಹೋತಲ್ಲ' ಅಂತ ಮುನಿಸಿಕೊಂಡ್ಲು.

ಅಯ್ಯನೋರು ಮಾತ್ರ ಎರಡು ಹೆಜ್ಜಿ ಹಿಂದ ಸರದಿದ್ರು. 'ತಂಗಿ, ನೀ ಹೇಳಿದ್ದ ಖರೇ. ಇದು ಸತ್ತದ್ದಲ್ಲ, ಸತ್ತು ಅಡ್ಡಾಡೋದು. ಇದನ್ನ ಇವತ್ತ ಮಣ್ಣು ಮಾಡಬೇಕು' ಅಂದ್ರು.

ತಾನ ಹೆಣೆದ ಹಗ್ಗ ತನ್ನ ಕೊಳ್ಳಿಗೆ ಬಂದಂಗಾತು ಹುಡುಗಿಗೆ. ಮನಿಗೆ ಹೋಗಿ ಲ್ಯಾಪ್‌ಟಾಪಿಗೆ ಹಾಕ್ಕೊಂಡು ಆಮ್ಯಾಲೆ ಕೊಡ್ತೇನಿ ಅಂದ್ಲು. ಉಡಚಪ್ಪ ಮೊಬೈಲ್ ಅಂಗಡಿಯಾವ, ಅವಂಗ ಹೇಳಿಕೊಡಬೇಕೇನು? 'ಕಾಪಿ ಗೀಪಿ ಇಲ್ಲ. ಕಾರ್ಡ್ ನಮ್ಮ ಮುಂದ ತಗಿ' ಅಂದ.

'ಕೊಡಬ್ಯಾಡ ಮಗಳ!' ಶಂಭುಲಿಂಗಪ್ಪ ಕುರ್ಚಿಗೆ ಬಿಗದ ಟವೆಲ್ ಬಿಚ್ಚಿಕೊಳ್ಳಾಕ ಹೆಣಗ್ಯಾಡಿದ. 'ನಾ ನಾಳೆ ಸತ್ರ ಸಾಯ್ತೇನಿ. ಅಷ್ಟು ಹಾರ ಬಿದ್ದದ್ದು ಅದರಾಗೈತಿ. ಹುಡುಗಿ ವರ್ಷ ಪೂರ್ತಿ ಗೇಯ್ದದ್ದು ಅದರಾಗೈತಿ. ಖಾಲಿ ಕುಣಿ ನನ್ನೇನು ಕಿತ್ತಕೊಳ್ತೈತಿ, ಬರ್ಲಿ ನೋಡ್ತೇನಿ.'

ಗದಿಗೆವ್ವ ಅವನ ಬಾಯಿ ಮ್ಯಾಲೆ ಕೈ ಇಟ್ಲು. ಆಮ್ಯಾಲೆ ಮೊಮ್ಮಗಳ ಕಡೆ ಹೊಳ್ಳಿದ್ಲು. ದವಡಿ ಇನ್ನೂ ಮರಗಟ್ಟಿತ್ತು, ಮಾತು ತೊದಲತಿದ್ವು.

'ಇದು ಖರೇನೋ ಸುಳ್ಳೋ ನನಗ ಗೊತ್ತಿಲ್ಲವ್ವಾ. ಹಾವೇರಿಯಿಂದ ಇಲ್ಲೀತನಕ ನಾ ಹೆಂಗ ಬಂದೇನಿ ಅಂತ ನನಗ ಗೊತ್ತು. ಇನ್ನೊಮ್ಮಿ ಆ ಬಸ್ಸಿನಾಗ ಬರಾಕ ನನ್ನ ಕಡೆ ಆಗೂದಿಲ್ಲ. ಕೊಟ್ಟ ಬಿಡ.'

ಅರುಣಾಗ ಅವರೆಲ್ಲಾರ ಮ್ಯಾಲೂ ಸಿಟ್ಟು ಬಂತು. ಇದೆಲ್ಲ ಮೂಢತನ ಅಂತ ಗೊತ್ತು, ಹೇಳಾಕ ಬಾಯೂ ತಗದ್ಲು. ಅಜ್ಜಿ ಅಜ್ಜನ ಹೆಗಲ ಮ್ಯಾಲಿನ ಶಾಲು ಮುಷ್ಟಿಯಾಗ ಬಿಗಿಹಿಡದು ನಿಂತಿದ್ಲು.  ಅರುಣಾ ಕ್ಯಾಮರಾದ ಬಾಗಲ ತಗದು, ಉಗುರಿನಷ್ಟು ಕಾರ್ಡ್ ಹೊರಗ ಎಳದು ಅಯ್ಯನೋರ ಕೈಯಾಗ ಇಟ್ಲು. ಇಟ್ಟು ಓಣಿ ನಡುವ ನಿಂತು, ಸಣ್ಣ ಹುಡುಗರಂಗ ಬಾಯಿ ತಗದು ಅತ್ಲು.

ಆಮ್ಯಾಲಿಂದು ಏನ್ ಹೇಳೋದು. ವೀಳ್ಯದೆಲಿ ಮ್ಯಾಲೆ ಕಾರ್ಡ್ ಇಟ್ಟು, ಇಬತ್ತಿ ಹಚ್ಚಿ, ಅದ ಕುರ್ಚಿ ಮ್ಯಾಲೆ ಕುಂದ್ರಿಸಿ, ನಾಕು ಮಂದಿ ಹೊತ್ತು ಹೊಲಕ್ಕ ಒಯ್ದರು, ಈ ಸಲ ಭರಾಭರಾ ನಡದು. ಭಜನಿಯೋರು ಅರ್ಧಕ್ಕ ನಿಂತ ಪದ ಪೂರಾ ಮಾಡಿದ್ರು. ಎಲ್ಲಾರಿಗಿಂತ ಮೊದಲ ಒಂದು ಹಿಡಿ ಮಣ್ಣು ಶಂಭುಲಿಂಗಪ್ಪ ತಾನ ಹಾಕಿದ. 'ಛಲೋ ಮನಷ್ಯಾ ಇದ್ದ' ಅಂದ. ಫಕ್ಕೀರೇಶ ಜೆಸಿಬಿಲೆ ಮುಚ್ಚಿದ. ಪ್ರೇಮಕುಮಾರ ಸರ್ ಸ್ಟೇಟಸ್ ನೋಡಿ ರಾಣೆಬೆನ್ನೂರಿಂದ ಹಾರ ಹಿಡಕೊಂಡು ಬಂದ್ರು. ವಿಷಯ ಕೇಳಿ ಆ ಹಾರ ಎಲ್ಲಿ ಇಡಬೇಕು ತಿಳೀದ ಸುಮಾರು ಹೊತ್ತು ನಿಂತು, ಆಮ್ಯಾಲೆ ಕುಣಿ ಮ್ಯಾಲೆ ಇಟ್ಟು, 'ಸೋಮವಾರ ಅಂದ್ರ ಸೋಮವಾರನ ಅರುಣಾ, ನನ್ನ ಕೈಯಾಗ ಏನೂ ಇಲ್ಲ' ಅಂತ ಹೇಳಿ ಬಸ್ ಹತ್ತಿದ್ರು.

ರವಿವಾರ ಬೆಳಿಗ್ಗಿ ಅರುಣಾ ಏಳೂಕಿಂತ ಮೊದಲ ಶಂಭುಲಿಂಗಪ್ಪ ಜಳಕ ಮಾಡಿ, ರುಮಾಲು ಸುತ್ತಿ, ಬಾಗಲ ಮುಂದ ಬ್ಯಾರೆ ಕುರ್ಚಿ ಹಾಕ್ಕೊಂಡು ಕುಂತಿದ್ದ. 'ಎದ್ದೇನು? ಬಿಸಲು ಏರೂದ್ರಾಗ ಮುಗಸೂಣು' ಅಂದ. ಕೊಟ್ರೇಶ ಅಂಗಡಿಗೆ ಹೋಗದ ಕುರ್ಚಿ ದಬ್ಬಾಕ ಬಂದು ನಿಂತಿದ್ದ. ಓಣ್ಯಾಗ ಒಬ್ಬರೂ ಇಲ್ಲ. ಎಲ್ಲಾ ಬಾಗಲ ಮುಚ್ಚಿದ್ವು. ಉಡಚಪ್ಪ ಊರ ಗ್ರೂಪಿನ್ಯಾಗ ಹಾಕಿದ್ದ: ಇವತ್ತು ಶಂಭುಲಿಂಗಪ್ಪನವರು ಹೆಂಗ ಕಂಡ್ರೂ ಯಾರೂ ಹೊರಗ ಬರಬಾರದು.

ಇಂಥಾ ಅನುಕೂಲ ಯಾವ ಸಿನಿಮಾದೋರಿಗೆ ಸಿಕ್ಕೀತು? ಬಿಸಲು ಎಳೇದಿತ್ತು. ಅರುಣಾ ಹೊಸಾ ಕಾರ್ಡ್ ಹಾಕಿದ್ಲು. ಅಜ್ಜ ಮತ್ತ ಬಸವಣ್ಣನ ಆಣಿ ಮಾಡಿ ಕಣ್ಣು ಮುಚ್ಚಿದ. ಈ ಸಲ ಗದ್ದ ಕಟ್ಟೋದೂ ಬೇಕಾಗಲಿಲ್ಲ, ತುಟಿ ಹೊಲದಂಗ ಮುಚಗೊಂಡಿದ್ದ. ಹೊಟ್ಟಿ ಏರಿಳಿದ್ರ ಫೋಟೋ ಕೆಡತೈತಿ ಅಂತ ಉಸರನ್ನೂ ಬಿಗಿಹಿಡದಿದ್ದ.

ಅರುಣಾ ಕಣ್ಣಿಗೆ ಕ್ಯಾಮರಾ ಹಚ್ಚಿ ನೋಡಿದ್ಲು. ಬೆರಳು ಗುಂಡಿ ಮ್ಯಾಲೆ ಬಂತು, ಒತ್ತಲಿಲ್ಲ. ಅಜ್ಜನ ಹೊಟ್ಟಿ ನೋಡಿದ್ಲು. ಅಲ್ಲಾಡವಲ್ದು.

'ಅಜ್ಜಾ' ಅಂದ್ಲು ಸಣ್ಣಗೆ.

ಆಣಿ ಮಾಡಿದಾವ, ಓ ಅನ್ನಲಿಲ್ಲ.

'ಅಜ್ಜಾ!'

ಕ್ಯಾಮರಾ ಅಲ್ಲೇ ಬಿಟ್ಟು ಓಡಿದ್ಲು, ಎರಡೂ ಭುಜ ಹಿಡದು ಝಾಡಿಸಿದ್ಲು. ಮುದುಕ ಕಣ್ಣು ತಗದು, 'ಏ ಹುಚ್ಚಿ, ಕೆಡಿಸಿದೆಲ್ಲ!' ಅಂತ ಬೈದ. ಮತ್ತ ಮೊದಲಿಂದ. ಮತ್ತ ಕಣ್ಣು ಮುಚ್ಚಿದ, ಮತ್ತ ಉಸರು ಹಿಡದ, ಮತ್ತ ಅರುಣಾ ಓಡಿದ್ಲು. ನಿನ್ನೆ ಊರ ತುಂಬ ಸತ್ತಿಲ್ಲ ಸತ್ತಿಲ್ಲ ಅಂತ ಚೀರಿದಾಕಿ ಈಕಿನ. ಇವತ್ತ ಆ ಮಾತನ್ನ ಆಕೀಗೆ ಹೇಳೋರು ಬೇಕಾಗಿತ್ತು.

'ನಾಳೆ ಸೋಮವಾರ ಐತವ್ವಾ' ಅಂದ ಕೊಟ್ರೇಶ ಮೆಲ್ಲಕ.

'ಗೊತ್ತೈತಪ್ಪಾ.' ಅರುಣಾ ಮೂಗು ಒರಸಿಕೊಂಡು ಕ್ಯಾಮರಾ ಹತ್ರ ಹೊಳ್ಳಿ ಹೋದ್ಲು. 'ಅಜ್ಜಾ, ಅಲ್ಲಾಡು.'

ಶಂಭುಲಿಂಗಪ್ಪ ಒಂದ ಕಣ್ಣು ತಗದ. 'ಅಲ್ಲಾಡಿದ್ರ ಕೆಡತೈತಿ ಅಂದಾಕಿ ನೀನ.'

'ಕೆಡ್ಲಿ. ಕಣ್ಣ ತಗಿ. ಮಾತಾಡಕೊಂತ ಇರು.'

'ಏನ್ ಮಾತಾಡ್ಲಿ?'

'ಏನರ ಮಾತಾಡು.'

ಮುದುಕ ಕೆಮ್ಮಿದ, ರುಮಾಲು ಸರಿ ಮಾಡಿಕೊಂಡ, ನಿನ್ನಿನ ಚಟ್ನಿಗೆ ಉಪ್ಪು ಯಾಕ ಕಡಿಮಿ ಆಗಿತ್ತು ಅಂತ ಹೇಳಾಕ ಹತ್ತಿದ, ಹೇಳಕೊಂತ ಹೇಳಕೊಂತ ಓಣ್ಯಾಗಿನ ನಾಯಿಗೂ ಬೈದ. ಕೊಟ್ರೇಶ ಕುರ್ಚಿ ಒಂದೊಂದ ಗೇಣು ದಬ್ಬಿದ. ಅರುಣಾ ಅಜ್ಜ ಅಲ್ಲಾಡಿದಾಗ ಅಷ್ಟ ಗುಂಡಿ ಒತ್ತಿದ್ಲು.